ಅವಧಾರಣೆಯ ಭಾರ: ‘ಕಾಯಕವೇ ಕೈಲಾಸ’ವೂ ಪ್ರಾಚೀನ ಗ್ರೀಕೂ

ಪ್ರೇರಣೆಯ ನುಡಿಗಳನ್ನು ಪ್ರಾಚೀನ ಗ್ರೀಕಿಗೆ ಅನುವಾದಿಸಿ ಲಾಂಛನ, ಪದಕ, ಹಚ್ಚೆಗಳಲ್ಲಿ ಬಳಸುವ ರೂಢಿ ಇಂದು ವ್ಯಾಪಕವಾಗಿದೆ. ನಿಘಂಟಿನಿಂದ ಪದಗಳನ್ನಾಯ್ದು ಸಾಲಾಗಿ ಇಡುವುದು ಅದರ ಸಾಮಾನ್ಯ ಕ್ರಮ. ಈ ಕ್ರಮ ಎಲ್ಲಿ ಸೋಲುತ್ತದೆ ಎಂಬುದನ್ನು ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಎಲ್ಲರಿಗೂ ಪರಿಚಿತವಾದ ‘ಕಾಯಕವೇ ಕೈಲಾಸ’ದ ಮೂಲಕ ಪರಿಶೀಲಿಸಬಹುದು. ಬಸವಣ್ಣನವರ ಹೆಸರಿನಲ್ಲಿ ಪ್ರಚಲಿತವಾಗಿದ್ದರೂ ಈ ನುಡಿಯ ನೆಲೆ ಆಯ್ದಕ್ಕಿ ಮಾರಯ್ಯನ ವಚನ. ಇದರ ಅರ್ಥದ ಭಾರವಿರುವುದು ಎರಡು ನಾಮಪದಗಳ ಮೇಲಲ್ಲ, ಅವುಗಳ ನಡುವಿನ ‘ಏ’ ಮೇಲೆ ಎಂಬುದು ನನ್ನ ವಾದ.

ಇದು ಕ್ರಿಯಾಪದರಹಿತ ನಾಮವಾಕ್ಯ. ಕಾಲವಿಲ್ಲ, ಷರತ್ತಿಲ್ಲ. ಅವಧಾರಣಾರ್ಥಕ ‘ಏ’ ಒಂದು ಕ್ರಿಯೆಯನ್ನೂ ಒಂದು ಸ್ಥಳವನ್ನೂ ಅಭಿನ್ನವೆಂದು ಸಾರುತ್ತದೆ. ‘ಕಾಯಕ ಮಾಡಿದರೆ ಕೈಲಾಸ ದೊರೆಯುತ್ತದೆ’ ಎಂಬ ಪರಿಚಿತ ವಿವರಣೆ ಇದನ್ನು ಫಲವಾಕ್ಯವನ್ನಾಗಿ ಮಾಡುತ್ತದೆ. ವ್ಯತ್ಯಾಸ ಕೇವಲ ವ್ಯಾಕರಣದ್ದಲ್ಲ: ಫಲವಾಕ್ಯ ದುಡಿಯುವವನಿಗೆ ಕಾಯಲು ಹೇಳುತ್ತದೆ, ಮೂಲದ ನಾಮವಾಕ್ಯ ಕಾಯುವ ಅಗತ್ಯವನ್ನೇ ನಿರಾಕರಿಸುತ್ತದೆ.

ಗಡಿಭಾಗದ ಭಾಷೆಗಳಿಗೆ ಈ ಸಾಧನ ಹೊಸದಲ್ಲ. ಔರಾದ್ ಸುತ್ತಿನ ಮರಾಠಿಯಲ್ಲಿ ನಿರ್ದೇಶಕ ಸರ್ವನಾಮಕ್ಕೆ ‘ಚ’ ಸೇರಿ ‘ಹಾಚ’, ‘ಹೀಚ’, ‘ಹೇಚ’ ರೂಪಗಳಾಗುತ್ತವೆ. ಬೀದರ್ ನಗರದ ದಖನಿಯಲ್ಲಿ ‘ಇಚ್’ ನೇರವಾಗಿ ಪದಕ್ಕೆ ಅಂಟುತ್ತದೆ. ಹಿಂದಿಯ ‘ಹೀ’ ಇದೇ ಕೆಲಸ ಮಾಡಿದರೂ ಸಾಮಾನ್ಯವಾಗಿ ‘ಹೈ’ಯನ್ನು ಬೇಡುತ್ತದೆ. ಇಂಗ್ಲಿಷಿನ ‘ವರ್ಕ್ ಈಸ್ ವರ್ಶಿಪ್’ ಮಾತ್ರ ಅವಧಾರಣೆಯನ್ನೂ ಕೈಲಾಸವನ್ನೂ ಒಟ್ಟಿಗೆ ಕೈಬಿಟ್ಟಿದೆ. ಕ್ರಿಯೆ ಸ್ಥಳವಾಗುವ ಬೆರಗು ಅಲ್ಲಿಲ್ಲ. ಒಂದು ಕ್ರಿಯೆಗೆ ಇನ್ನೊಂದು ಕ್ರಿಯೆ ಸಮವಾಗಿದೆ, ಅಷ್ಟೆ. ಗ್ರೀಕಿಗೆ ಅನುವಾದಿಸುವವರು ಈ ಇಂಗ್ಲಿಷನ್ನು ಮೂಲವೆಂದು ಹಿಡಿದರೆ ಸೋಲು ಮೊದಲೇ ನಿಶ್ಚಿತ.

ಭಾರತದ ನೀತಿವಾಕ್ಯಗಳನ್ನು ಗ್ರೀಕಿಗೆ ತಂದ ಪ್ರಾಚೀನ ನಿದರ್ಶನ ನಮ್ಮ ಮುಂದಿದೆ. ಅಶೋಕನ 12ನೆಯ ಬಂಡೆಶಾಸನ ಬೀದರಿಗೆ ನೆರೆಯ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಪ್ರಾಕೃತದಲ್ಲಿದೆ. ಅದರ ಕೊನೆಯ ಭಾಗದ ಗ್ರೀಕ್ ರೂಪ 1963ರಲ್ಲಿ ಕಂದಹಾರದಲ್ಲಿ ದೊರೆಯಿತು. ಪಂಥವೆಂಬ ಅರ್ಥದ ‘ಪಾಸಂಡ’ಕ್ಕೆ ಆ ಅನುವಾದಕ ‘ದಿಯಾತ್ರಿಬೇ’ ಎಂಬ ಪದವನ್ನು ಆಯ್ದ. ಅದು ತತ್ತ್ವಜ್ಞಾನಿಗಳ ಶಾಲೆಗಳಿಗೆ ಸಲ್ಲುತ್ತಿದ್ದ ಪದ. ಪದಾರ್ಥಕ್ಕಿಂತ, ಆ ಪದ ಸಮಾಜದಲ್ಲಿ ಪಡೆದಿದ್ದ ಸ್ಥಾನವನ್ನು ಆತ ಗಮನಿಸಿದ್ದಾನೆ.

ಈ ಮಾನದಂಡದಿಂದ ‘ಕಾಯಕ’ಕ್ಕೆ ಯಾವ ಪದ ಸಲ್ಲುತ್ತದೆ? ‘ಲೇತೂರ್ಗಿಯಾ’ ಮೊದಲ ನೋಟಕ್ಕೆ ಆಕರ್ಷಕ: ಸಾರ್ವಜನಿಕ ಸೇವೆ ಎಂಬ ಅರ್ಥದಿಂದ ಹೊರಟು, ಹೀಬ್ರೂ ಧರ್ಮಗ್ರಂಥದ ಗ್ರೀಕ್ ಅನುವಾದದಲ್ಲಿ ದೇವಾಲಯದ ಸೇವೆಯೂ ಆದ ಪದವದು. ಆದರೆ ಅಥೆನ್ಸಿನಲ್ಲಿ ಅದು ಯುದ್ಧನೌಕೆ, ನಾಟಕದ ಮೇಳಗಳ ವೆಚ್ಚ ಹೊರುವ ಸಿರಿವಂತರ ಕರ್ತವ್ಯವಾಗಿತ್ತು. ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದವನ ನುಡಿಗೆ ಅದನ್ನು ತೊಡಿಸುವುದು ಅಪಚಾರ. ‘ಪೊನೊಸ್’ ದಣಿವು, ಸಂಕಟಗಳ ಕಡೆಗೆ ವಾಲುತ್ತದೆ. ಹೆಸಿಯೊಡನ ಕಾವ್ಯದ ಶೀರ್ಷಿಕೆಯಲ್ಲಿಯೇ ಹೊಲದ ದುಡಿಮೆಯನ್ನು ಸೂಚಿಸುವ ‘ಎರ್ಗೊನ್’ ಪದಕ್ಕೆ ಪೂಜೆಯ ಸೋಂಕಿಲ್ಲ. ಆದರೆ ಕೈಕೆಲಸದ ಘನತೆಯಿದೆ. ಪೂಜೆಯ ಅರ್ಥವನ್ನು ಒದಗಿಸಬೇಕಾದುದು ವಾಕ್ಯವೇ ಹೊರತು ಪದವಲ್ಲ.

‘ಕೈಲಾಸ’ಕ್ಕೆ ‘ಒಲಿಂಪೊಸ್’ ಸಲ್ಲದು: ಅದು ದೇವತೆಗಳ ನಿವಾಸ, ಮರ್ತ್ಯರ ಗುರಿಯಲ್ಲ. ಸೊಫೊಕ್ಲಿಸನ ಏಜಾಕ್ಸನನ್ನು ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ (1929) ಆಗಿಸಿದ್ದು ಇಡೀ ಕಥೆಯನ್ನೇ ನಮ್ಮ ಪುರಾಣಕ್ಕೆ ಒಗ್ಗಿಸಿದ್ದರಿಂದ ಸಾಧ್ಯವಾಯಿತು. ಎರಡು ಪದಗಳ ನುಡಿಯಲ್ಲಿ ಅಂಥ ಅವಕಾಶವಿಲ್ಲ. ಚಂದ್ರಗುಪ್ತನನ್ನು ‘ಸಂದ್ರಕೊತ್ತೊಸ್’ ಎಂದ ಗ್ರೀಕರಂತೆ ಹೆಸರನ್ನು ಉಳಿಸಿಕೊಂಡು ಗ್ರೀಕಿನ ವಿಭಕ್ತಿಯನ್ನು ಹಚ್ಚುವುದೇ ಪ್ರಾಮಾಣಿಕ ದಾರಿ.

ಇನ್ನು ‘ಏ’. ಗ್ರೀಕಿನ ‘ಗೆ’ ಎಂಬ ಅವ್ಯಯ ಇದಕ್ಕೆ ಸಂವಾದಿಯೆಂದು ತೋರಿದರೂ ಹಲವೆಡೆ ‘ಕನಿಷ್ಠಪಕ್ಷ’ ಎಂಬ ಮಿತಿಯನ್ನು ಸೂಚಿಸುತ್ತದೆ. ‘ಮೊನೊಸ್’ ಎಂದರೆ ‘ಮಾತ್ರ’ವಾಗುತ್ತದೆ. ಗ್ರೀಕಿನಲ್ಲಿಯೂ ಕ್ರಿಯಾಪದರಹಿತ ನಾಮವಾಕ್ಯ ಸಹಜ. ಸಾಮಾನ್ಯವಾಗಿ ಉದ್ದೇಶ್ಯಕ್ಕೆ ನಿಶ್ಚಯವಾಚಿ ಉಪಪದ ಸೇರುತ್ತದೆ, ವಿಧೇಯಕ್ಕೆ ಸೇರುವುದಿಲ್ಲ. ಎರಡಕ್ಕೂ ಸೇರಿದಾಗ ವಾಕ್ಯ ವರ್ಗೀಕರಣವನ್ನು ಬಿಟ್ಟು ತಾದಾತ್ಮ್ಯವನ್ನು ಹೇಳುತ್ತದೆ. ಆದ್ದರಿಂದ ನಾನು ಸೂಚಿಸುವ ರೂಪ: ‘ಔತೊ ತೊ ಎರ್ಗೊನ್ ಹೊ ಕೈಲಾಸೊಸ್’. ‘ಔತೊ’ ಎಂದರೆ ‘ತಾನೇ’.

ಇದರಲ್ಲಿಯೂ ನಷ್ಟವಿದೆ. ಕಾಯಕದೊಡನೆ ಬರುವ ದಾಸೋಹದ ಧ್ವನಿ ‘ಎರ್ಗೊನ್’ನಲ್ಲಿಲ್ಲ; ಕೈಲಾಸವೆಂದರೇನೆಂದು ಗ್ರೀಕ್ ಓದುಗ ಕೇಳಬೇಕಾಗುತ್ತದೆ. ಆದರೆ ನುಡಿ ಭರವಸೆಯ ಮಟ್ಟಕ್ಕೆ ಇಳಿದಿಲ್ಲ. ಕನ್ನಡದ ವಿವರಣೆಗಳಲ್ಲಿಯೂ ಇಷ್ಟನ್ನು ಉಳಿಸಿಕೊಂಡರೆ ಸಾಕು.