ಎರಡನೇ ಸಾಲು ಮತ್ತೊಮ್ಮೆ

ಹಾಸಿಗೆ ಹಿಡಿದ ಮುದುಕಿಯ ಉಸಿರು ದಿನಗಟ್ಟಲೆ ಎಳೆಯುತ್ತಿದ್ದರೆ ತುರ್ವಿಹಾಳದ ಕಡೆ "ಯಾರದೋ ಹಾದಿ ನೋಡಾಕತ್ತೈತಿ ಜೀವ" ಅನ್ನುತ್ತಾರೆ. ಯಾರದೆಂದು ಮನೆಯವರಿಗೆಲ್ಲ ಗೊತ್ತು, ದೂರ ಕೊಟ್ಟ ಮಗಳದು. "ಕಡೀ ಮಾರಿ ನೋಡಾಕ ಬಾ" ಎಂಬ ಸುದ್ದಿ ಮುಟ್ಟಿ, ಅವಳು ಬಂದು ಬಾಯಿಗೆ ನೀರು ಬಿಡಬೇಕು. ಬೀಸುಕಲ್ಲಿನ ಪದಗಳಲ್ಲಿ ತವರಿನ ಹಾದಿ ಅಷ್ಟು ಸಲ ಬರುವುದು ಸುಮ್ಮನಲ್ಲ.

ಹೊಸದಾಗಿ ಕೇಳುವವರು ಈ ಪದಗಳಲ್ಲಿ ಅಳು ಹುಡುಕುತ್ತಾರೆ. ಅಳುವನ್ನು ಬಿಡಿ, ನಡಿಗೆ ಕೇಳಿ. ಮಟ್ಟು ತ್ರಿಪದಿ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1300 ವರ್ಷದ ಹಿಂದೆಯೇ ಇದ್ದದ್ದು. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಕೊನೆಯದಕ್ಕೆ ಮೂರೇ. ಹಾಡುವಾಕೆ ಎರಡನೇ ಸಾಲು ಮುಗಿಸಿ ನೇರ ಮುಂದೆ ಹೋಗುವುದಿಲ್ಲ, ಅದನ್ನೇ ಮತ್ತೆ ಎತ್ತಿಕೊಂಡು ಆಮೇಲೆ ಮೂರನೆಯದಕ್ಕೆ ಇಳಿಯುತ್ತಾಳೆ. ಹೊರಟವಳಿಗೆ ಊರು ಇನ್ನೂ ಮುಟ್ಟದ ಸಂಕಟವೆಲ್ಲ ಆ ಮರಳಿಕೆಯಲ್ಲಿದೆ. ಕೊನೆಯ ಸಾಲು ಕಿವಿ ಕಾಯುತ್ತಿದ್ದುದಕ್ಕಿಂತ ಒಂದು ಗಣ ಮೊದಲೇ ನಿಂತುಬಿಡುತ್ತದೆ. ಹಲಸಂಗಿ ಗೆಳೆಯರು 1931ರಲ್ಲಿ ತಂದ 'ಗರತಿಯ ಹಾಡು' ಸಿಕ್ಕರೆ ಕಣ್ಣಲ್ಲಿ ಓದಬೇಡಿ. ಬಾಯಿಬಿಟ್ಟು ಹೇಳಿ, ಎರಡನೇ ಸಾಲನ್ನು ನೀವೇ ಮತ್ತೊಮ್ಮೆ ಸೇರಿಸಿಕೊಳ್ಳಿ.

ಇದು ಕಿವಿಗೆ ಕೂತ ಮೇಲೆ 'ಕೆರೆಗೆ ಹಾರ' ಎಂಬ ಕಥನಗೀತೆ ಕೇಳಿ. ಅಲ್ಲಿ ಸಾಯಲಿರುವವಳೇ ಮಗಳು. ಕೆರೆಗೆ ಬಲಿಯಾಗುವ ಮುನ್ನ ಭಾಗೀರಥಿ ಹೆತ್ತವರ ಮುಖ ನೋಡಲು ಹೋಗುತ್ತಾಳೆ. ಯಾಕೆ ಬಾಡಿದ್ದಿ ಎಂದು ಕೇಳಿದ ತಂದೆಗೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳಿ, ನಿಜವನ್ನು ಗೆಳತಿಯ ಮುಂದೆ ಬಿಚ್ಚುತ್ತಾಳೆ. ಇದು ಕಡೆಯ ಭೇಟಿ ಎಂದು ಹೆತ್ತವರಿಗೆ ಗೊತ್ತಿಲ್ಲ, ಕೇಳುವ ನಮಗೆ ಗೊತ್ತು. ಧಾವಂತವೆಲ್ಲ ದಂಡಿನಲ್ಲಿದ್ದ ಗಂಡ ಮಾದೇವರಾಯನದು. ಅವನ ಕುದುರೆ ಬರುವಷ್ಟರಲ್ಲಿ ಕೆರೆ ತುಂಬಿದೆ.

ವೇದಿಕೆಯ ಮೇಲೆ, ಮೈಕಿನ ಮುಂದೆ ಈ ಪದಗಳು ಓಡುತ್ತವೆ, ಸಮಯ ಕೊಟ್ಟಿರುವುದಿಲ್ಲವಲ್ಲ. ಸಾಧ್ಯವಾದರೆ ಯಾವುದಾದರೂ ಮನೆಯ ಪಡಸಾಲೆಯಲ್ಲಿ, ಹಾಡುವಾಕೆಯ ಪಕ್ಕ ಕೂತು ಕೇಳಿ.

ನನ್ನ ಅಜ್ಜಿ ತನ್ನ ತಾಯಿಯ ಕಡೀ ಮಾರಿ ನೋಡಲಿಲ್ಲ. ಎರಿ ಭೂಮಿ, ಜಡಿಮಳೆ, ಹಳ್ಳ ಬಂದಿತ್ತು. ಈಚೆ ದಂಡೆಯಲ್ಲಿ ಕೂತು ಇಳಿಯುವುದನ್ನೇ ಕಾದಳಂತೆ. ತವರಿನ ಪದ ಬಂದಾಗ ಎರಡನೇ ಸಾಲನ್ನು ಮೂರು ಸಲ, ನಾಲ್ಕು ಸಲ ಮರಳಿ ಮರಳಿ ಹಾಡುತ್ತಿದ್ದಳು. ಕಲ್ಲಿನ ಬಾಯಿಗೆ ಜೋಳ ಹಾಕುವುದೂ ಮರೆತಿರುತ್ತಿತ್ತು. ಮೂರನೆಯದಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು.