ಅಕ್ಕಿಗೆ ತಲೆ ಲೆಕ್ಕ, ದುಡ್ಡಿಗೆ ಮನೆ ಲೆಕ್ಕ

2020ರ ಅಕ್ಟೋಬರ್ 13ರಂದು ಹೈದರಾಬಾದಿನಲ್ಲಿ ಸುರಿದ ಮಳೆಗೆ ಟೋಲಿಚೌಕಿಯ ನದೀಂ ಕಾಲೊನಿ, ಫಲಕ್‌ನುಮಾದ ಅಲ್ ಜುಬೈಲ್ ಕಾಲೊನಿಯಂಥ ತಗ್ಗಿನ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲೇ ಇದ್ದವು. 1908ರ ಮೂಸಿ ಪ್ರವಾಹದ ಬಳಿಕ ನಮ್ಮ ವಿಶ್ವೇಶ್ವರಯ್ಯನವರ ಯೋಜನೆಯಂತೆ ಎದ್ದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನದಿಯನ್ನು ತಡೆದಾವು. ಕೆರೆಯಂಗಳದಲ್ಲೇ ಕಟ್ಟಿಕೊಂಡ ಮನೆಗಳಿಗೆ ಅವು ಏನು ಮಾಡಿಯಾವು? ವಾರದೊಳಗೆ ತೆಲಂಗಾಣದ ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಸಂತ್ರಸ್ತ ಕುಟುಂಬಕ್ಕೆ ತಲಾ 10,000 ರೂಪಾಯಿ ಘೋಷಿಸಿ, ಅದಕ್ಕೆಂದು 550 ಕೋಟಿ ತೆಗೆದಿಟ್ಟರು.

ಹಣವನ್ನೇ ಕೊಟ್ಟದ್ದು ಒಳ್ಳೆಯ ತೀರ್ಮಾನ. ಒಬ್ಬರಿಗೆ ಹಾಸಿಗೆ ಹೋಗಿರುತ್ತದೆ, ಇನ್ನೊಬ್ಬರಿಗೆ ಹೊಲಿಗೆ ಯಂತ್ರ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಆ ವರ್ಷ ಮನೆಯ ಒಂದೇ ಮೊಬೈಲ್ ನೀರು ಕುಡಿಯಿತೆಂದರೆ ಮಕ್ಕಳ ಪಾಠವೂ ನಿಂತಂತೆಯೇ. ಇದನ್ನೆಲ್ಲ ಕಂಬಳಿ, ಪಾತ್ರೆ ಹಂಚಿ ತೀರಿಸಲಾಗದು.

ಆದರೆ ಯಾರ ಮನೆಗೆ ಎಷ್ಟು ನೀರು ನುಗ್ಗಿತ್ತೆಂಬ ಪಟ್ಟಿಯೇ ಗಟ್ಟಿಯಾಗಿರಲಿಲ್ಲ. ಮಹಾನಗರ ಪಾಲಿಕೆಯ ಸಿಬ್ಬಂದಿ ನೋಟಿನ ಕಟ್ಟು ಹಿಡಿದು ಗಲ್ಲಿಗೆ ಬಂದರು. ಜೊತೆಗೆ ಸ್ಥಳೀಯ ಪುಢಾರಿಗಳೂ ಬಂದರು. ಪಕ್ಕದ ಮನೆಗೆ ಸಿಕ್ಕಿತು, ನಮಗಿಲ್ಲ. ಕೈಗೆ ಬಂದದ್ದು ಅರ್ಧವೇ. ಬಾಡಿಗೆದಾರರ ಪಾಲನ್ನು ಮಾಲೀಕ ಪಡೆದ: ದೂರುಗಳು ಬೀದಿಗೆ ಬಂದವು. ನವೆಂಬರಿನಲ್ಲಿ ಸರ್ಕಾರಿ ಸೇವೆಗಳ ಮೀ ಸೇವಾ ಕೇಂದ್ರಗಳಲ್ಲಿ ಅರ್ಜಿ ಹಾಕಿ ಎಂದದ್ದೇ ತಡ, ಆಧಾರ್ ಜೆರಾಕ್ಸ್ ಹಿಡಿದ ಹೆಂಗಸರು ಬೆಳಕು ಹರಿಯುವ ಮುನ್ನವೇ ಸಾಲುಗಟ್ಟಿದರು. 18ರಂದು ಪಾಲಿಕೆ ಚುನಾವಣೆಯ ಕಾರಣಕ್ಕೆ ರಾಜ್ಯ ಚುನಾವಣಾ ಆಯೋಗ ಅದನ್ನೂ ನಿಲ್ಲಿಸಿತು. ಇತ್ತ ಬಿಜೆಪಿ, ಗೆದ್ದರೆ 25,000 ಕೊಡುತ್ತೇವೆಂದು ಹೊರಟಿತು. ನೆರೆ ಪರಿಹಾರ ಹರಾಜಿಗೆ ಬಿದ್ದದ್ದು ಹೀಗೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ, ಯಾರೂ ಅಷ್ಟಾಗಿ ಜಗಳವಾಡದ ದೋಷ ಬೇರೊಂದಿದೆ. ಅದೇ ವರ್ಷ ಲಾಕ್‌ಡೌನಿನಲ್ಲಿ ತೆಲಂಗಾಣ ಸರ್ಕಾರ ಪಡಿತರ ಚೀಟಿಯಲ್ಲಿದ್ದ ಪ್ರತಿಯೊಬ್ಬರಿಗೂ 12 ಕಿಲೊ ಅಕ್ಕಿ ಕೊಟ್ಟಿತು, ಹಣ ಮಾತ್ರ ಚೀಟಿಗೆ 1,500. ಅಕ್ಕಿ ಅಳೆಯುವಾಗ ಲೆಕ್ಕಕ್ಕೆ ಬಂದ ಮಕ್ಕಳು ದುಡ್ಡು ಎಣಿಸುವಾಗ ಮಾಯ! ನೆರೆಯ ಹತ್ತು ಸಾವಿರದಲ್ಲೂ ಇದೇ ಕಥೆ: ಗಂಡ ಹೆಂಡತಿ ಇಬ್ಬರೇ ಇದ್ದರೂ ಅಷ್ಟೇ, ನಾಲ್ಕು ಮಕ್ಕಳಿದ್ದರೂ ಅಷ್ಟೇ. ತುರ್ತಿನಲ್ಲಿ ತಲೆ ಎಣಿಸುತ್ತ ಕೂರಲಾಗದು ಎಂಬ ಸಮಜಾಯಿಷಿ ಒಪ್ಪತಕ್ಕದ್ದಲ್ಲ, ಚೀಟಿಯಲ್ಲಿ ಹೆಸರುಗಳಿದ್ದವಲ್ಲ! 2023ರ ಜುಲೈಯಿಂದ ಕರ್ನಾಟಕ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೊ ಅಕ್ಕಿಯ ಬದಲು ತಲೆಗೆ 170 ರೂಪಾಯಿಯಂತೆ ಕುಟುಂಬದ ಮುಖ್ಯಸ್ಥರ ಖಾತೆಗೆ ಹಾಕಿತು. ಆ ಯೋಜನೆಗೆ ಬೇರೆ ತಕರಾರುಗಳಿರಬಹುದು, ತಲೆ ಎಣಿಸಿ ಹಣ ಕೊಡಲಾಗದು ಎಂಬ ಮಾತಿಗಂತೂ ಅದರಿಂದ ಉತ್ತರ ಸಿಕ್ಕಿತು.

ಇತ್ತ ಹೈದರಾಬಾದಿನಲ್ಲಿ, 2020ರ ಡಿಸೆಂಬರಿನಲ್ಲಿ ಮತ ಎಣಿಕೆ ಮುಗಿದ ಮೇಲೆ ಪಾಲಿಕೆ, ಮೀ ಸೇವಾ ಕೇಂದ್ರಕ್ಕೆ ಯಾರೂ ಬರಬೇಡಿ, ನಮ್ಮ ತಂಡಗಳೇ ಬಂದು ಪರಿಶೀಲಿಸಿ ಖಾತೆಗೆ ಹಣ ಹಾಕುತ್ತವೆ ಎಂದಿತು. ಅಕ್ಟೋಬರಿನಲ್ಲೇ ಮಾಡಬೇಕಿದ್ದ ಕೆಲಸ ಅದು.