ಆಂಪಿಯರ್-ಗಂಟೆಯ ಅರ್ಧಸತ್ಯ

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ತೊಗರಿ, ಕಬ್ಬಿನ ಹೊಲಗಳ ನಡುವೆ ವಿದ್ಯುತ್ ತಂತಿ ತಲುಪದ ಗುಡಿಸಲುಗಳಿಗೆ ರಾತ್ರಿ ಬ್ಯಾಟರಿಯೇ ಆಸರೆ. ನಾವು ತರಗತಿಯಲ್ಲಿ ಕಲಿಸುವ ಲೆಕ್ಕ ಹೀಗಿದೆ: 12 ವೋಲ್ಟ್, 40 ಆಂಪಿಯರ್-ಗಂಟೆ ಎಂದರೆ 480 ವಾಟ್-ಗಂಟೆ, 10 ವಾಟ್ ದೀಪ 48 ಗಂಟೆ ಉರಿಯುತ್ತದೆ. ಗುಣಾಕಾರ ಸರಿ, ಭೌತವಿಜ್ಞಾನ ಅಪೂರ್ಣ. ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಬಾಳಿಕೆಯ ದೃಷ್ಟಿಯಿಂದ ಅರ್ಧದಷ್ಟನ್ನೇ ಬಳಸಬೇಕು. ಅಂದರೆ 24 ಗಂಟೆ. ಮೇಲಾಗಿ, ಇಲ್ಲಿನ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 25 ಡಿಗ್ರಿಯಿಂದಾಚೆ ಪ್ರತಿ 10 ಡಿಗ್ರಿ ಏರಿಕೆಗೆ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಇವೆರಡನ್ನೂ ಬಿಟ್ಟ ಲೆಕ್ಕ ಪರೀಕ್ಷೆಯಲ್ಲಿ ಅಂಕ ಕೊಟ್ಟೀತು. ಗುಡಿಸಲಿನ ಮಗುವಿನ ಓದಿಗೆ ಬೆಳಕು ಕೊಡಲಾರದು. ‘ಎಷ್ಟು ಉಳಿಸಬೇಕು, ನೆರಳಿನಲ್ಲಿ ಎಲ್ಲಿಡಬೇಕು?’ ಎಂಬ ಪ್ರಶ್ನೆಗಳನ್ನೂ ಶಿಕ್ಷಕರು ಕೇಳಲಿ.